ಮಸೂದೆಯ ಹಣೆ ನೋಡಬೇಡಿ, ಹೊಟ್ಟೆ ನೋಡಿ

1975ರ ಮೇ 1ರಂದು ಅಮೆರಿಕದ ಕೆಳಮನೆಯಲ್ಲಿ ಒಂದು ಮಸೂದೆ ಬಿದ್ದುಹೋಯಿತು. ಪರವಾಗಿ 162 ಓಟು, ವಿರುದ್ಧ 246. ಅದರ ಹೆಸರು ಬಲು ಚೆಂದ: ವಿಯೆಟ್ನಾಂ ಮಾನವೀಯ ನೆರವು ಮತ್ತು ತೆರವು ಕಾನೂನು. ಮೊತ್ತ 32 ಕೋಟಿ 70 ಲಕ್ಷ ಡಾಲರ್. ಯುದ್ಧದಲ್ಲಿ ನೊಂದವರಿಗೆ ಅನ್ನ, ಔಷಧಿ; ಜೀವ ಉಳಿಸಿಕೊಂಡು ಹೋಗಬೇಕಾದವರಿಗೆ ವಿಮಾನ, ಹಡಗು. ಆದರೆ ಓಟು ಹಾಕುವ ಹಿಂದಿನ ದಿನವೇ, ಏಪ್ರಿಲ್ 30ಕ್ಕೆ, ಸೈಗಾನ್ ಬಿದ್ದಿತ್ತು. ಹೆಣ ಎತ್ತಿದ ಮೇಲೆ ವೈದ್ಯರ ಫೀಜಿನ ಬಗ್ಗೆ ಪಂಚಾಯ್ತಿ ಮಾಡಿದ ಹಾಗಿತ್ತು ಆ ಸಭೆ.

ಎಲ್ಲಿಯ ವಿಯೆಟ್ನಾಂ, ಎಲ್ಲಿಯ ನಾವು, ಇದೆಲ್ಲ ನಮಗ್ಯಾಕೆ ಅಂತ ಕೆಲವರು ಕೇಳ್ತಾರೆ. ಬೇಕು ಗೆಳೆಯರೇ. ಸರ್ಕಾರದ ದಯೆ ಅನ್ನೋದು ಯಾವ ಬಾಗಿಲಿಂದ ಹೊರಡ್ತದೆ, ಯಾರ ಮನೆ ಮುಂದೆ ನಿಲ್ತದೆ, ಯಾರ ಮನೆ ದಾಟಿ ಹೋಗ್ತದೆ ಅನ್ನೋದನ್ನ ಕಲಿಯಲಿಕ್ಕೆ ಇದೊಂದು ಒಳ್ಳೆಯ ಪಾಠ.

ಆ ವರ್ಷದ ಏಪ್ರಿಲ್ 10ರಂದು ಅಧ್ಯಕ್ಷ ಫೋರ್ಡ್ ಎರಡೂ ಸದನಗಳ ಮುಂದೆ ನಿಂತು ಹಣ ಕೇಳಿದ. ದಕ್ಷಿಣ ವಿಯೆಟ್ನಾಂ ಸೇನೆಯ ಮದ್ದುಗುಂಡಿಗೆ 72 ಕೋಟಿ 20 ಲಕ್ಷ ಡಾಲರ್. ಜನರ ಅನ್ನ ಔಷಧಿಗೆ 25 ಕೋಟಿ. ಒಂದೇ ಭಾಷಣ, ಒಂದೇ ಕೈ. ಗುಂಡಿಗೆ ಸುಮಾರು ಮೂರು ಪಾಲು, ಅನ್ನಕ್ಕೆ ಒಂದು ಪಾಲು. ಗುಂಡಿನ ಹಣಕ್ಕೆ ಸದಸ್ಯರು ಒಪ್ಪಲಿಲ್ಲ. ಉಳಿದದ್ದು ನೆರವು ಮತ್ತು ತೆರವಿನ ಮಸೂದೆ. ಏಪ್ರಿಲ್ ಕೊನೆಯ ವಾರದಲ್ಲಿ ಮೇಲ್ಮನೆ 75ಕ್ಕೆ 17ರಂತೆ ತನ್ನ ಮಸೂದೆ ಪಾಸು ಮಾಡಿತು, ಕೆಳಮನೆ 230ಕ್ಕೆ 187ರಂತೆ ತನ್ನದು. ಎರಡನ್ನೂ ಹೊಲಿದು ಒಂದು ಮಾಡಿ ತರುವಷ್ಟರಲ್ಲಿ ಊರೇ ಬಿದ್ದಿತ್ತು.

ಈಗ ಅದರ ಹೊಟ್ಟೆ ನೋಡೋಣ. ಹೆಸರಿನಲ್ಲಿ ಮಾನವೀಯತೆ ಇತ್ತು, ಒಳಗೆ ಇನ್ನೊಂದು ಮಾತೂ ಇತ್ತು: ತೆರವಿಗಾಗಿ ಅಧ್ಯಕ್ಷ ಸೈನ್ಯ ಬಳಸಬಹುದು. ಈ ಮಾತು ಕೇಳಿದ್ದೇ ತಡ, ಹಲವು ಸದಸ್ಯರಿಗೆ 1964ರ ಆಗಸ್ಟ್ ನೆನಪಾಯಿತು. ಆಗ ಟಾಂಕಿನ್ ಕೊಲ್ಲಿಯ ನಿರ್ಣಯ ಅಂತ ಒಂದು ಕಾಗದ ಬಂದಿತ್ತು. ಕೆಳಮನೆಯಲ್ಲಿ 416 ಮಂದಿ ಕೈ ಎತ್ತಿದರು, ಒಬ್ಬನೂ ಬೇಡ ಅನ್ನಲಿಲ್ಲ. ಮೇಲ್ಮನೆಯಲ್ಲಿ ಬೇಡ ಅಂದವರು ಇಬ್ಬರೇ, ಮೋರ್ಸ್ ಮತ್ತು ಗ್ರೂನಿಂಗ್. ಆ ಒಂದು ಕಾಗದ ಹಿಡಿದುಕೊಂಡು ವರ್ಷಗಟ್ಟಲೆ ಯುದ್ಧ ಮಾಡಿದರು. 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು; ವಿಯೆಟ್ನಾಮಿನವರು ಸತ್ತದ್ದು ಲಕ್ಷ ಲಕ್ಷ. ಒಮ್ಮೆ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡವರು ಮತ್ತೆ ಒತ್ತಲು ಹೆದರೋದು ಸಹಜ. ಹಾಗಾಗಿ 1975ರಲ್ಲಿ ಬೇಡ ಅಂದ 246 ಮಂದಿಯನ್ನೂ ಕಟುಕರು ಅಂತ ಕರೆಯಲು ನಾವು ತಯಾರಿಲ್ಲ.

ಆದರೆ ಇನ್ನೊಂದು ಬಗೆಯ 'ಬೇಡ' ಕೂಡ ಇತ್ತು. ಅದು ಬರುವವರ ಮುಖ ನೋಡಿ ಹೇಳಿದ 'ಬೇಡ'. ಆಗಿನ ಅಭಿಪ್ರಾಯ ಸಂಗ್ರಹದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ನಿರಾಶ್ರಿತರು ಬೇಡವೇ ಬೇಡ ಅಂದರು. ಅವರ ದೇಶಕ್ಕೆ ಕೇಳದೆ ಹೋಗಿ ಬಾಂಬು ಹಾಕಿ ಬರಬಹುದು, ಅವರು ನಮ್ಮ ಬೀದಿಗೆ ಬರಬಾರದು! ಮುಟ್ಟಿಸಿಕೊಳ್ಳದ ಈ ನ್ಯಾಯ ನಮಗೆ ಹೊಸದಲ್ಲ.

ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ಅಂಗಳದಲ್ಲಿ ಒಂದು ದೊಡ್ಡ ಹುಣಸೆ ಮರ ಇತ್ತು. ದೊಡ್ಡ ಹೆಲಿಕಾಪ್ಟರ್ ಇಳಿಯಬೇಕಾದರೆ ಅದನ್ನು ಕಡಿಯಬೇಕು. ಕಡಿದರೆ ನಾವು ಓಡಿಹೋಗ್ತೀವಿ ಅಂತ ಊರಿಗೆಲ್ಲ ಗೊತ್ತಾಗ್ತದೆ ಎಂದು ರಾಯಭಾರಿ ಮಾರ್ಟಿನ್ ಕೊನೆಯ ತನಕ ಬಿಡಲಿಲ್ಲ. ಏಪ್ರಿಲ್ 29ಕ್ಕೆ ಮರ ಬಿತ್ತು. ಆ ಹಗಲು ರಾತ್ರಿ ಹೆಲಿಕಾಪ್ಟರುಗಳು ಊರಿನಿಂದ ಸುಮಾರು 7 ಸಾವಿರ ಜನರನ್ನು ಹೊತ್ತೊಯ್ದವು. ಬೆಳಗಾದಾಗ ಅದೇ ಅಂಗಳದಲ್ಲಿ ಸುಮಾರು 400 ಮಂದಿ ಸಾಲಿನಲ್ಲೇ ಕುಳಿತಿದ್ದರು. ನಿಮ್ಮನ್ನೂ ಕರಕೊಂಡು ಹೋಗ್ತೀವಿ ಅಂತ ಮಾತು ಕೊಟ್ಟಿದ್ದರು. ಅವರಲ್ಲಿ ಕಚೇರಿಯ ನೌಕರರು, ಬೆಂಕಿ ಆರಿಸುವ ಕೆಲಸದವರು, ಅವರ ಹೆಂಡತಿ ಮಕ್ಕಳು ಇದ್ದರು. ಹೆಲಿಕಾಪ್ಟರಿಗೆ ಬೆಂಕಿ ಬಿದ್ದರೆ ಆರಿಸಲು ನಿಂತವರನ್ನೇ ಬಿಟ್ಟು ಹೆಲಿಕಾಪ್ಟರ್ ಹೋಯಿತು. ಅವರ ಹೆಸರು ಯಾವ ಪಟ್ಟಿಯಲ್ಲಿ ಎಷ್ಟನೆಯದು, ಬರೆದವರು ಯಾರು? ಈ ಪ್ರಶ್ನೆ ಮಸೂದೆಯ ಹಣದ ಪ್ರಶ್ನೆಗಿಂತ ದೊಡ್ಡದು.

ಇನ್ನು ಓಡಿಹೋಗದೆ ಉಳಿದ ಕೋಟ್ಯಂತರ ರೈತರ ಕತೆ. 1961ರಿಂದ 1971ರ ತನಕ ಅವರ ಕಾಡು ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಹೆಚ್ಚು ಎಲೆಯುದುರಿಸುವ ವಿಷ ಸುರಿದಿದ್ದರು. 1973ರ ಪ್ಯಾರಿಸ್ ಒಪ್ಪಂದದಲ್ಲಿ ಯುದ್ಧದ ಗಾಯ ಮಾಯಿಸಲು ನೆರವಾಗ್ತೀವಿ ಅಂತ ಅಮೆರಿಕ ಬರೆದುಕೊಟ್ಟಿತು. ಅಧ್ಯಕ್ಷ ನಿಕ್ಸನ್ ಗುಟ್ಟಾಗಿ ಕಾಗದ ಬರೆದು 325 ಕೋಟಿ ಡಾಲರಿನ ಲೆಕ್ಕ ಹೇಳಿದ. ಆ ದುಡ್ಡು ಬರಲೇ ಇಲ್ಲ. ಬಂದದ್ದು ವ್ಯಾಪಾರ ನಿರ್ಬಂಧ, ಅದು ತೆರವಾದದ್ದು 1994ರಲ್ಲಿ. ಹಾಗಂತ ಗೆದ್ದವರೂ ದೇವರಲ್ಲ. ಅವರು ಲಕ್ಷಾಂತರ ಜನರನ್ನು ಶಿಬಿರಗಳಿಗೆ ತುಂಬಿದರು, ಅನೇಕರನ್ನು ವರ್ಷಗಟ್ಟಲೆ ಬಿಡಲಿಲ್ಲ. ಮುಂದೆ ದೋಣಿ ಹತ್ತಿ ಸಮುದ್ರಕ್ಕೆ ಬಿದ್ದ ಜನ ಸುಮ್ಮಸುಮ್ಮನೆ ಹೊರಟವರಲ್ಲ.

ಮೇ 1ಕ್ಕೆ ಬೇಡ ಅಂದ ಅದೇ ಸದನ ಅದೇ ತಿಂಗಳಲ್ಲಿ ಇನ್ನೊಂದು ಮಸೂದೆಗೆ ಒಪ್ಪಿತು. ಮೇ 23ಕ್ಕೆ ಸಹಿ ಬಿತ್ತು: ನಿರಾಶ್ರಿತರಿಗೆ 45 ಕೋಟಿ 50 ಲಕ್ಷ ಡಾಲರ್. ಮನಸ್ಸು ಕರಗಿದ್ದು ಹೇಗೆ? ನಮಗೆ ಕಾಣುವ ಕಾರಣ ಸರಳ. ಜನ ಆಗಲೇ ಬಂದು ನಿಂತಿದ್ದರು, ಗುವಾಮ್ ದ್ವೀಪದಲ್ಲಿ, ಕ್ಯಾಲಿಫೋರ್ನಿಯಾದ ಪೆಂಡಲ್‌ಟನ್ ಶಿಬಿರದಲ್ಲಿ, ಅರ್ಕಾನ್ಸಾಸಿನ ಫೋರ್ಟ್ ಚಾಫಿಯಲ್ಲಿ. ಸುಮಾರು 1 ಲಕ್ಷ 30 ಸಾವಿರ ಮನುಷ್ಯರು. ಕಡತದಲ್ಲಿರುವವನನ್ನು ತಳ್ಳಿಹಾಕಬಹುದು, ಎದುರಿಗೆ ನಿಂತವನನ್ನು ತಳ್ಳೋದು ಕಷ್ಟ. ಹೋರಾಟ ಮಾಡುವವರೆಲ್ಲ ಬೀದಿಗೆ ಬಂದು ನಿಲ್ಲೋದು ಯಾಕೆ ಅಂತ ಕೇಳುವವರಿಗೆ ಇಷ್ಟು ಸಾಕು.

ನಮಗೆ ಮುಖ್ಯವಾದ ಮಾತು ಇದು. ಆ ವರ್ಷ ಅಮೆರಿಕದಲ್ಲಿ 100ಕ್ಕೆ 9 ಜನಕ್ಕೆ ಕೆಲಸ ಇರಲಿಲ್ಲ, ಕಪ್ಪು ಜನರಲ್ಲಿ ಇನ್ನೂ ಹೆಚ್ಚು. ಈ ಯುದ್ಧವನ್ನು ಅವರಲ್ಲಿ ಅನೇಕರು ಮೊದಲೇ ಧಿಕ್ಕರಿಸಿದ್ದರು. 1967ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ಚರ್ಚಿನಲ್ಲಿ ಅದರ ವಿರುದ್ಧ ಮಾತಾಡಿದರು. ಅದೇ ತಿಂಗಳು ಮುಹಮ್ಮದ್ ಅಲಿ ಸೈನ್ಯಕ್ಕೆ ಸೇರೋದಿಲ್ಲ ಅಂದರು. ನಮ್ಮ ಮಕ್ಕಳಿಗೇ ಕೆಲಸ ಇಲ್ಲ, ಬಂದವರಿಗೆ ದುಡ್ಡೇ ಅಂತ ಕಪ್ಪು ಕೇರಿಗಳಲ್ಲಿ ಕೇಳಿದ್ದು ನ್ಯಾಯದ ಪ್ರಶ್ನೆಯೇ. ಉತ್ತರವೂ ಅಲ್ಲಿಂದಲೇ ಬಂತು. 1963ರ ವಾಷಿಂಗ್ಟನ್ ನಡಿಗೆಯನ್ನು ಕಟ್ಟಿದ ಬೇಯಾರ್ಡ್ ರಸ್ಟಿನ್ 1978ರ ಮಾರ್ಚಿನಲ್ಲಿ 80ಕ್ಕೂ ಹೆಚ್ಚು ಕಪ್ಪು ನಾಯಕರ ಸಹಿ ಹಾಕಿಸಿ, ಈ ನಿರಾಶ್ರಿತರನ್ನು ಒಳಗೆ ಬಿಡಿ ಅಂತ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ. ಅವರ ಬಿಡುಗಡೆಗೂ ನಮ್ಮ ಬಿಡುಗಡೆಗೂ ನಂಟಿದೆ ಅನ್ನೋದು ಅದರ ಸಾರ.

ಹಸಿದವನ ತಟ್ಟೆಗೆ ಇನ್ನೊಬ್ಬ ಹಸಿದವನು ಕೈ ಹಾಕ್ತಾನೆ ಅಂತ ಹೆದರಿಸುವವನು ಯಾವಾಗಲೂ ಅಡಿಗೆ ಮನೆಯ ಬೀಗ ಇಟ್ಟುಕೊಂಡವನೇ. ನಮ್ಮಲ್ಲೂ ಕೇರಿಗೆ ಕೇರಿಯನ್ನು ಹೀಗೇ ಎತ್ತಿಕಟ್ಟಿದ್ದಾರೆ. ಪಕ್ಕದವನ ತಟ್ಟೆ ಕಿತ್ತುಕೊಳ್ಳೋದು ಬಿಟ್ಟು ಬೀಗದ ಕೈ ಕೇಳೋಣ.

2021ರ ಆಗಸ್ಟಿನಲ್ಲಿ ಕಾಬೂಲಿನಲ್ಲಿ ಮತ್ತೆ ಅದೇ ವಿಮಾನ, ಅದೇ ಗೇಟು, ಅದೇ ಬಿಟ್ಟುಹೋದ ಜನ. ಆಫ್ಘನ್ ನಿರಾಶ್ರಿತರಿಗೆ 630 ಕೋಟಿ ಡಾಲರ್ ಮಂಜೂರಾದದ್ದು ಸೆಪ್ಟೆಂಬರ್ ಕೊನೆಗೆ, ಕೊನೆಯ ವಿಮಾನ ಹೋಗಿ ಒಂದು ತಿಂಗಳಾದ ಮೇಲೆ. 46 ವರ್ಷದಲ್ಲಿ ಕಲಿತದ್ದು ಇಷ್ಟೇ.

ನಾವು ಹೇಳುವುದು ಇಷ್ಟು. ಯುದ್ಧ ನಡೆಸುವವರು ಶುರುವಿನಲ್ಲೇ ತೆರವಿನ ಹಣ ತೆಗೆದಿಡಲಿ. ಅನ್ನದ ಹಣವನ್ನು ಸೈನ್ಯದ ಅಧಿಕಾರದ ಜೊತೆ ಗಂಟು ಹಾಕದಿರಲಿ. ಪಟ್ಟಿಯಲ್ಲಿ ಅಡಿಗೆಯವನು, ಡ್ರೈವರು, ಕಸ ಗುಡಿಸುವವಳು ಮೊದಲು ಬರಲಿ. ಓಡಿಹೋಗಲಾರದೆ ಉಳಿದವರ ಗಾಯಕ್ಕೂ ಲೆಕ್ಕ ಇರಲಿ.

ಹಾಸ್ಟೆಲಿನ ಗೆಳೆಯರೇ, ದಯೆ, ಕಲ್ಯಾಣ, ಉದ್ಧಾರ ಅಂತ ಹೆಸರಿಟ್ಟ ಯಾವ ಮಸೂದೆ ಬಂದರೂ ಚಪ್ಪಾಳೆ ತಟ್ಟುವ ಮೊದಲು ತರಿಸಿಕೊಂಡು ಓದಿ. ಯಾರಿಗೆ, ಎಷ್ಟು, ಯಾವಾಗ, ಯಾರ ಕೈಯಿಂದ ಅಂತ ಒಂದೊಂದು ಕಲಮಿನ ಕೆಳಗೂ ಪೆನ್ಸಿಲಿನಲ್ಲಿ ಬರೆಯಿರಿ. ರಾತ್ರಿ ಊಟ ಆದ ಮೇಲೆ ಜೊತೆಗೆ ಕೂತು ಜಗಳವಾಡಿ. ಓದಲು ಕಲಿತ ನಾವೇ ಓದದಿದ್ದರೆ ಇನ್ಯಾರು ಓದ್ತಾರೆ?