ಕೊನೆಯ ಅಧ್ಯಾಯಕ್ಕೆ ಬರುವ ದೇವರು

ದೇವರು, ಪ್ರೀತಿ, ನೀತಿ ಈ ಮೂರೂ ಒಟ್ಟಿಗೆ ಇರುವ ಕಾದಂಬರಿಯೆಂದರೆ ನನಗೆ ಮೊದಲಿನಿಂದಲೂ ಪ್ರಾಣ. ಬಾಡಿಗೆ ಪುಸ್ತಕದ ಅಂಗಡಿಯಿಂದ ವಾರಕ್ಕೆ ಎರಡರಂತೆ ತಂದು, ಮಧ್ಯಾಹ್ನ ಎಲ್ಲರ ಊಟ ಮುಗಿದು ಅಡುಗೆಮನೆ ಒರೆಸಿದ ಮೇಲೆ ಅಲ್ಲೇ ಗೋಡೆಗೆ ಒರಗಿ ಓದಿದವಳು ನಾನು. ಆದ್ದರಿಂದ ಈಗ ಹೇಳುವ ಮಾತನ್ನು ಹೊರಗಿನವರ ಕುಹಕವೆಂದು ಯಾರೂ ತಿಳಿಯಬಾರದು. ಹೆಂಗಸರು ಬರೆದದ್ದನ್ನೂ ಹೆಂಗಸರು ಓದುವುದನ್ನೂ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದ ವಿಮರ್ಶಕರ ಸಾಲಿನಲ್ಲಿ ಹೋಗಿ ನಿಲ್ಲುವ ಆಸೆ ನನಗೆ ಖಂಡಿತ ಇಲ್ಲ. ಆದರೆ ಅಡುಗೆಮನೆಯಲ್ಲಿ ಕೂತು ಓದುವವರಿಗೂ ಒಂದು ತಕರಾರು ಇರಬಹುದಲ್ಲ?

ನನ್ನ ತಕರಾರು ಇದು. ಇಂಥ ಕಾದಂಬರಿಗಳಲ್ಲಿ ಪೂಜೆ ಮಾಡುವವಳು ನಾಯಕಿ, ಫಲ ಸಿಗುವುದು ಮಾತ್ರ ಇನ್ನೊಬ್ಬರಿಗೆ. ಕಥೆ ನಿಮಗೂ ಬಾಯಿಪಾಠವಾಗಿರಬೇಕು. ಹುಡುಗಿ ಒಳ್ಳೆಯವಳು, ದೇವರ ದೀಪ ಹಚ್ಚದೆ ನೀರು ಮುಟ್ಟುವವಳಲ್ಲ. ಒಬ್ಬನನ್ನು ಮೆಚ್ಚುತ್ತಾಳೆ, ಮನೆಯವರ ಮಾತಿಗೆ ಕಟ್ಟುಬಿದ್ದು ಇನ್ನೊಬ್ಬನನ್ನು ಮದುವೆಯಾಗುತ್ತಾಳೆ. ಆ ಗಂಡ ಕುಡಿಯುತ್ತಾನೆ, ಬೇರೆಯವಳ ಸಹವಾಸ ಮಾಡುತ್ತಾನೆ, ಒಮ್ಮೊಮ್ಮೆ ಕೈಯೂ ಎತ್ತುತ್ತಾನೆ. ಇವಳು ಮಂಗಳಗೌರಿ ವ್ರತ ಬಿಡುವುದಿಲ್ಲ, ಭೀಮನ ಅಮಾವಾಸ್ಯೆಯ ದಿನ ಅವನ ಪಾದಪೂಜೆ ತಪ್ಪಿಸುವುದಿಲ್ಲ. ಇನ್ನೂರು ಪುಟ ಹೀಗೆ ನಡೆದು, ಕೊನೆಯ ಅಧ್ಯಾಯಕ್ಕೆ ಸರಿಯಾಗಿ ದೇವರು ಕಣ್ಣು ಬಿಡುತ್ತಾನೆ. ಗಂಡನಿಗೆ ಅಪಘಾತವಾಗುತ್ತದೆ, ಆಸ್ಪತ್ರೆಯಲ್ಲಿ ಜ್ಞಾನೋದಯವಾಗುತ್ತದೆ, ಅವಳ ಕೈ ಹಿಡಿದು ಅಳುತ್ತಾನೆ. ಇದನ್ನು ಓದಿ ನಾನೂ ಎಷ್ಟೋ ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೇನೆ. ಈಗ ಮಾತ್ರ ಮೈಯೆಲ್ಲ ಉರಿಯುತ್ತದೆ.

ಏಕೆಂದರೆ ನಮ್ಮ ಬೀದಿಯಲ್ಲೇ ಒಬ್ಬಾಕೆ ಇದ್ದಾಳೆ. ಅವಳೂ ನಾನೂ ಪುಸ್ತಕ ಬದಲಾಯಿಸಿಕೊಂಡು ಓದುವವರು. ಒಂದು ಸೋಮವಾರ ಸಂಜೆ ಅವಳ ಮೊಣಕೈ ಮೇಲಿನ ಬಾವು ನೋಡಿ ನಾನು ಏನೋ ಹೇಳಹೊರಟೆ. ಅವಳು ಮಾತು ತಡೆದು, “ಅಕ್ಕಾ, ಕಾದಂಬರಿಯಲ್ಲಿ ಹದಿನಾರು ಸೋಮವಾರಕ್ಕೆ ಅವನು ಸರಿಹೋದ. ನನ್ನದು ಇದು ಎರಡನೇ ಸುತ್ತು. ಎಲ್ಲೋ ಭಕ್ತಿ ಕಡಿಮೆಯಾಗಿರಬೇಕು” ಎಂದಳು. ಅವಳ ಭಕ್ತಿಯನ್ನು ಹಳಿಯಲು ನಾನು ಯಾರು? ಆದರೆ ಹೊಡೆದವನ ತಪ್ಪನ್ನು ಹೊಡೆಸಿಕೊಂಡವಳ ಭಕ್ತಿಯ ಲೆಕ್ಕಕ್ಕೆ ಬರೆದ ಆ ಲೇಖನಿಯನ್ನು ಹಳಿಯದೆ ಇರಲಾರೆ.

ಸಣ್ಣಪುಟ್ಟ ಧಾರಾವಾಹಿ ಬರೆದವರನ್ನು ಬೈಯುವುದು ಸುಲಭ, ದೊಡ್ಡ ಪುಸ್ತಕಗಳ ಮಾತೇನು ಎಂದು ಕೇಳುವವರಿದ್ದಾರೆ. ಆಗಲಿ. 1965ರಲ್ಲಿ ಬಂದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನೇ ತೆಗೆದುಕೊಳ್ಳೋಣ. ಶ್ರೋತ್ರಿಯರಂಥ ಪಾತ್ರವನ್ನು ಕಟ್ಟುವುದು ಸಾಮಾನ್ಯರ ಕೆಲಸವಲ್ಲ. ಆ ಪುಸ್ತಕ ಹಿಡಿದರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕಾತ್ಯಾಯಿನಿಗೆ ಆದದ್ದೇನು? ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು ಕಾಲೇಜಿಗೆ ಹೋಗಿ, ರಾಜನನ್ನು ಪ್ರೀತಿಸಿ ಮದುವೆಯಾದಳು. ಕದ್ದು ಮುಚ್ಚಿ ಮಾಡಿದ್ದಲ್ಲ. ಅದಕ್ಕಾಗಿ ಹೆತ್ತ ಮಗನನ್ನು ಅತ್ತೆ ಮಾವಂದಿರ ಮನೆಯಲ್ಲೇ ಬಿಟ್ಟಳು. ಆಮೇಲೆ ಮತ್ತೆ ಮತ್ತೆ ಗರ್ಭಪಾತ, ಕೊರಗು, ಮಗನ ತಿರಸ್ಕಾರ, ಕೊನೆಗೆ ಸಾವು. ಅದು ಅವಳ ಮನಸ್ಸಿನೊಳಗಿನ ಪಾಪಪ್ರಜ್ಞೆಯ ಫಲ, ಲೇಖಕರು ಕೊಟ್ಟ ಶಿಕ್ಷೆಯಲ್ಲ ಎಂದು ಸಮರ್ಥಿಸುವವರು ಹೇಳುತ್ತಾರೆ. ಇರಬಹುದು. ಪ್ರೀತಿಸಿದವರು ಇಬ್ಬರು, ಪಾಪಪ್ರಜ್ಞೆ ಮಾತ್ರ ಹುಡುಕಿಕೊಂಡು ಹೆಣ್ಣಿನ ಗರ್ಭಕ್ಕೇ ಏಕೆ ಹೋಗಬೇಕು? ಅದೇ ಪುಸ್ತಕದಲ್ಲಿ ಸದಾಶಿವರಾಯರು ಕಟ್ಟಿಕೊಂಡ ಹೆಂಡತಿ ಇರುವಾಗಲೇ ತಮ್ಮ ಸಂಶೋಧನೆಗೆ ಜೊತೆಯಾದವಳನ್ನು ಮದುವೆಯಾಗುತ್ತಾರೆ. ಅವರೂ ಸಾಯುತ್ತಾರೆ ನಿಜ, ಆದರೆ ಸಂಪುಟಗಳನ್ನು ಬರೆದು ಸಾಯುತ್ತಾರೆ. ಮೊದಲ ಹೆಂಡತಿ ನಾಗಲಕ್ಷ್ಮಿಗೆ ದಕ್ಕುವುದು ಶ್ರೀರಾಮ ಎಂದು ಬರೆಯುವ ಪುಸ್ತಕ. ಆ ರಾಮನಾಮ ಅವಳನ್ನು ಬದುಕಿಸಿತು, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಅದನ್ನು ಓದುವಾಗ ಗಂಡನ ಮೇಲೆ ಬರಬೇಕಾದ ಸಿಟ್ಟು ತಣ್ಣಗಾಗಿ, ಎಂಥ ತಾಳ್ಮೆಯಪ್ಪಾ ಎಂದು ಅವಳಿಗೆ ಕೈಮುಗಿದು ನಾವು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ.

ಶ್ರೋತ್ರಿಯರಿಗೂ ಪೆಟ್ಟು ಬೀಳುತ್ತದೆ. ತಾವು ನಂಬಿದ ವಂಶವೇ ತಮ್ಮದಲ್ಲವೆಂದು ಅವರಿಗೆ ತಿಳಿಯುತ್ತದೆ. ಆದರೆ ಅವರಿಗೆ ಆ ಪೆಟ್ಟಿನಿಂದ ವೈರಾಗ್ಯ ಸಿಕ್ಕಿತು, ಸಂನ್ಯಾಸ ಸಿಕ್ಕಿತು. ಕಾತ್ಯಾಯಿನಿಗೆ ಸಿಕ್ಕಿದ್ದು ಸ್ಮಶಾನ. ನಾನು ಓದಿದ ಬಾಡಿಗೆ ಪ್ರತಿಯಲ್ಲಿ ಅವಳ ಸಾವಿನ ಪುಟದ ಅಂಚಿಗೆ ಯಾರೋ ಪೆನ್ಸಿಲಿನಲ್ಲಿ ‘ಮಾಡಿದ್ದುಣ್ಣೋ ಮಹರಾಯ’ ಎಂದು ಬರೆದಿದ್ದರು. ಅಕ್ಷರ ನೋಡಿದರೆ ಹೆಂಗಸಿನದೇ.

ಹಾಗಾದರೆ ದೇವರನ್ನೇ ಕಾದಂಬರಿಯಿಂದ ಹೊರಗೆ ಹಾಕಬೇಕೆ? ಪ್ರಗತಿಪರರೆನಿಸಿಕೊಂಡ ಕೆಲವರು ಅದನ್ನೇ ಹೇಳುತ್ತಾರೆ. ನನಗೆ ಅದು ಸಮ್ಮತವಿಲ್ಲ. ಹೊತ್ತಾರೆ ಎದ್ದು ತುಳಸಿಗೆ ನೀರು ಹಾಕುವವರ ಕಥೆಯನ್ನು ತುಳಸಿಯಿಲ್ಲದೆ ಬರೆದರೆ ಅದು ನಮ್ಮ ಕಥೆ ಹೇಗಾದೀತು? ಅಲ್ಲದೆ ಬೇರೆ ದಾರಿಯೂ ನಮ್ಮಲ್ಲಿ ಬಹಳ ಹಿಂದೆಯೇ ಇತ್ತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾದದ್ದು 1899ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯ’. ಬಾಲವಿಧವೆ ಇಂದಿರೆಯ ತಾಯಿ ಭಕ್ತಿಯ ಹೆಸರಿನಲ್ಲಿ ಮನೆ ತುಂಬ ಸೋಗಿನ ಸಂತರನ್ನು ಕೂಡಿಹಾಕಿಕೊಂಡು, ಮಗಳನ್ನೂ ಅವರ ಸೇವೆಗೆ ನೂಕಲು ನೋಡುತ್ತಾಳೆ. ಮಗಳು ಮನೆಬಿಟ್ಟು ಹೋಗಿ, ಅಕ್ಷರ ಕಲಿತು, ತನಗೊಪ್ಪಿದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಪೊಲೀಸು ಇಲಾಖೆಯಲ್ಲಿದ್ದ ಆ ಲೇಖಕರು ಇದನ್ನು ಧರ್ಮದ ಸೋಲು ಎನ್ನಲಿಲ್ಲ, ಧರ್ಮದ ಗೆಲುವು ಎಂದರು. ಭಾಷೆ ಹಳೆಯದು, ಉಪದೇಶ ಅಲ್ಲಲ್ಲಿ ಜಾಸ್ತಿ, ನನಗೆ ನಿದ್ದೆ ಬಂದ ಪುಟಗಳೂ ಇವೆ. ಆದರೂ ವಿಧವೆಯೊಬ್ಬಳು ಪ್ರೀತಿಸಿ ಸಾಯದೆ ಉಳಿದಳಲ್ಲ! ಅರವತ್ತಾರು ವರ್ಷ ಕಳೆದ ಮೇಲೆ ಕಾತ್ಯಾಯಿನಿಗೆ ಆ ಭಾಗ್ಯ ಇರಲಿಲ್ಲ.

ಇನ್ನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’, 1976ರದು. ಅದರಲ್ಲಿ ನಾಯಕಿಗೆ ಪ್ರೇಮವೇ ಇಲ್ಲ. ಬಾಲ್ಯದಲ್ಲೇ ಹಾವು ಕಚ್ಚಿ ಗಂಡ ಸತ್ತ, ತಲೆ ಬೋಳಿಸಿದರು, ಮಡಿ, ಉಪವಾಸ, ಒಪ್ಪೊತ್ತು. ಇಷ್ಟು ಕಟ್ಟುನಿಟ್ಟಿನ ಮಡಿ ಹೆಂಗಸು ಇನ್ನೊಂದು ಕಾದಂಬರಿಯಲ್ಲಾಗಿದ್ದರೆ ಉಳಿದ ಹೆಣ್ಣುಗಳಿಗೆಲ್ಲ ಯಮಳಾಗಿರುತ್ತಿದ್ದಳು. ಫಣಿಯಮ್ಮ, ಅಸ್ಪೃಶ್ಯಳೆಂದು ಊರು ದೂರವಿಟ್ಟ ಬಸುರಿಯ ಹೆರಿಗೆ ಮಾಡಿಸಲು ಹೋಗುತ್ತಾಳೆ. ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುತ್ತಾಳೆ. ಆ ಹುಡುಗಿ ಮುಂದೆ ಬಸುರಾದಾಗಲೂ ಕೈಬಿಡುವುದಿಲ್ಲ. ತನ್ನ ಮಡಿಯನ್ನು ಬಿಡದೆ, ಅದನ್ನು ಇನ್ನೊಬ್ಬಳ ತಲೆಯ ಮೇಲೆ ಹೇರದೆ ಬದುಕಿದವಳು. ಇಂದಿರಾ ಅವರು ಇದನ್ನು ತಮ್ಮ ಬಳಗದಲ್ಲೇ ಬಾಳಿದ ಹಿರಿಯಳೊಬ್ಬಳ ಬದುಕಿನಿಂದ ತೆಗೆದು ಬರೆದರು. ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು.

ನಮ್ಮ ಬಂಧುವರ್ಗದ ಹಿರಿಯರೊಬ್ಬರು ಇದಕ್ಕೆಲ್ಲ, “ಹೆಣ್ಣುಮಕ್ಕಳು ಸಂಸ್ಕಾರ ಕೊಡುವ ಪುಸ್ತಕ ಓದಬೇಕಮ್ಮಾ, ಮನಸ್ಸು ಕೆಡಿಸುವಂಥದ್ದಲ್ಲ” ಎಂದರು. ಅವರ ಮೇಲೆ ನನಗೆ ಗೌರವವಿದೆ. ಸಂಸ್ಕಾರ ಗಂಡಸರಿಗೂ ಬೇಡವೇ, ಅವರಿಗೆಂದು ಯಾವ ಕಾದಂಬರಿ ಕೊಡುತ್ತೀರಿ ಎಂದು ಕೇಳಿದೆ. ಪೇಪರು ಬಿಡಿಸಿಕೊಂಡರು.

ಬರೆಯುವ ಅಕ್ಕತಂಗಿಯರನ್ನೂ ಅಣ್ಣಂದಿರನ್ನೂ ನಾನು ಕೇಳುವುದು ಹೆಚ್ಚೇನಲ್ಲ. ನಾಯಕಿ ವ್ರತ ಮಾಡಲಿ, ಹದಿನಾರಲ್ಲ, ಮೂವತ್ತೆರಡು ಸೋಮವಾರ ಮಾಡಲಿ. ಆದರೆ ದೇವರು ಅವಳ ಜೊತೆ ಮೊದಲ ಅಧ್ಯಾಯದಿಂದಲೇ ಇರಲಿ. ಗಂಡ ಅಳುತ್ತಾ ಬಾಗಿಲು ಬಡಿದಾಗ ತೆಗೆಯಬೇಕೋ ಬೇಡವೋ ಎಂದು ಅವಳು ಆ ದೀಪದ ಮುಂದೆ ಕೂತು ಯೋಚಿಸಲಿ. ಅದಕ್ಕೆ ನಾಲ್ಕು ಪುಟ ಹೆಚ್ಚಾದರೂ ಚಿಂತೆಯಿಲ್ಲ, ನಾವು ಓದುತ್ತೇವೆ. ‘ಫಣಿಯಮ್ಮ’ನ ನನ್ನ ಪ್ರತಿ ಈಗ ಆ ಬೀದಿಯವಳ ಮನೆಯಲ್ಲಿದೆ. ಇನ್ನೂ ವಾಪಸು ಬಂದಿಲ್ಲ, ನಾನೂ ಕೇಳಿಲ್ಲ.