'ಎರಡೇ ಮಾತು' ಎಂದರೆ ಎಷ್ಟು ನಿಮಿಷ?

ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಯಿತೆಂದರೆ ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಭಾಷಣಗಳ ಬರವಣಿಗೆಯೂ ಆರಂಭವಾಗುತ್ತದೆ. 'ಎರಡೇ ಮಾತು ಹೇಳಿ ಮುಗಿಸುತ್ತೇನೆ' ಎಂದವರು ಎಷ್ಟು ಹೊತ್ತಿಗೆ ಮುಗಿಸುತ್ತಾರೆಂಬುದನ್ನು ಓದುಗರಾದ ತಮಗೆ ಬೇರೆ ಹೇಳಬೇಕಾಗಿಲ್ಲ. ಭಾಷಣ ಹಿಗ್ಗಿದಷ್ಟೂ ಕುಗ್ಗುವುದು ಕೊನೆಯಲ್ಲಿರುವ ಮಕ್ಕಳ ಕಾರ್ಯಕ್ರಮ. ವಾರಗಟ್ಟಲೆ ಕನ್ನಡ ಹಾಡು ಕಲಿತು, ಬಣ್ಣ ಹಚ್ಚಿಕೊಂಡು ಕಾದ ಮಕ್ಕಳು ವೇದಿಕೆ ಏರುವ ಹೊತ್ತಿಗೆ ಡೊಂಬಿವಿಲಿ, ವಿರಾರ್ ಕಡೆಯವರು ಲೋಕಲ್ ಹಿಡಿಯಲು ಎದ್ದಿರುತ್ತಾರೆ.

ಬರೆದದ್ದನ್ನು ಓದಲು ಎಷ್ಟು ಹೊತ್ತು ಬೇಕೆಂದು ಮೊದಲೇ ಅಂದಾಜು ಮಾಡಬಹುದು. ಇಂಗ್ಲಿಷ್ ಭಾಷಣಕ್ಕೆ ನಿಮಿಷಕ್ಕೆ ಸುಮಾರು 130ರಿಂದ 150 ಪದಗಳೆಂಬ ಲೆಕ್ಕವಿದೆ. ಅದು ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. 'ಮನೆಯಲ್ಲಿರುವವರಿಗೆ' ಎಂಬುದು ಒಂದೇ ಪದ, ಆದರೆ ಅಕ್ಷರ ಒಂಬತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಆರೇಳು ಪದ ಬೇಕು. ಆದ್ದರಿಂದ ಪದಕ್ಕಿಂತ ಅಕ್ಷರ ಎಣಿಸುವುದೇ ಮೇಲು. ನಮ್ಮ ಛಂದಸ್ಸು ಇನ್ನೂ ಸೂಕ್ಷ್ಮ. ಅಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಪ್ರತಿ ಪದ್ಯಕ್ಕೆ 102 ಮಾತ್ರೆ. ಮಾತ್ರೆಯೆಂದರೆ ಉಚ್ಚಾರದ ಕಾಲವನ್ನು ಅಳೆಯುವ ಮಾನವೇ ತಾನೆ!

ಅಷ್ಟೆಲ್ಲ ಎಣಿಸಲು ಪುರುಸೊತ್ತಿಲ್ಲದವರಿಗೆ ಸುಲಭದ ದಾರಿಯೊಂದಿದೆ. ಗಡಿಯಾರ ಎದುರಿಗಿಟ್ಟುಕೊಂಡು, ಸಭೆಯಲ್ಲಿ ಓದುವಂತೆಯೇ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ಬೇಗ ಮುಗಿಯುತ್ತದೆ, ಲೆಕ್ಕ ತಪ್ಪುತ್ತದೆ. ನಿಮಿಷ ತುಂಬಿದಲ್ಲಿ ಗುರುತು ಹಾಕಿ ಸಾಲುಗಳನ್ನು ಎಣಿಸಿ. ನಿಮಿಷಕ್ಕೆ 12 ಸಾಲಾದರೆ 60 ಸಾಲಿಗೆ 5 ನಿಮಿಷ. ಚಪ್ಪಾಳೆ, ಕೆಮ್ಮು, ಮೈಕು ಸರಿಪಡಿಸುವುದು ಇವುಗಳಿಗೆಂದು ಇನ್ನೊಂದು ನಿಮಿಷ ಸೇರಿಸಿ.

ಅಂಕಿಗಳ ಬಗ್ಗೆ ಎಚ್ಚರವಿರಲಿ. ಕಾಗದದ ಮೇಲೆ '1956' ನಾಲ್ಕೇ ಅಂಕಿ. ಬಾಯಲ್ಲಿ ಅದು 'ಸಾವಿರದ ಒಂಬೈನೂರ ಐವತ್ತಾರು', ಹನ್ನೆರಡು ಅಕ್ಷರ! ವೇದಿಕೆಯ ಗಣ್ಯರ ಹೆಸರು, ಬಿರುದು, ಹುದ್ದೆಗಳನ್ನು ಪ್ರತಿಯೊಬ್ಬ ಭಾಷಣಕಾರರೂ ಮತ್ತೆ ಓದಿದರೆ ಆ ಹೊತ್ತೂ ಮಕ್ಕಳ ಪಾಲಿನದೇ. ಸ್ವಾಗತ ಭಾಷಣದಲ್ಲಿ ಒಮ್ಮೆ ಹೇಳಿದರೆ ಸಾಲದೆ?

ರಾಷ್ಟ್ರಗೀತೆಗೆ 52 ಸೆಕೆಂಡು ನಿಗದಿಯಾಗಿದೆ. ನಾಡಗೀತೆಗೂ 2022ರಲ್ಲಿ ಕರ್ನಾಟಕ ಸರ್ಕಾರ ಎರಡೂವರೆ ನಿಮಿಷವೆಂದು ಗೊತ್ತುಪಡಿಸಿತು. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದರು, ನಂತರ ಎದ್ದ ಲಿಂಕನ್ ಎರಡು ಮೂರು ನಿಮಿಷದಲ್ಲಿ ಮುಗಿಸಿದರು. ಲೋಕ ನೆನಪಿಟ್ಟುಕೊಂಡದ್ದು ಯಾರ ಮಾತನ್ನು?

ಈ ಸಲ ಮಾತನಾಡಲಿರುವ ಮಹನೀಯರೇ, ಮಹಿಳೆಯರೇ, ಮನೆಯಲ್ಲೊಮ್ಮೆ ಗಟ್ಟಿಯಾಗಿ ಓದಿ, ಹೆಚ್ಚಾದದ್ದನ್ನು ಅಲ್ಲೇ ಹೊಡೆದುಹಾಕಿ ಬನ್ನಿ. ಉಳಿದ ಹತ್ತು ನಿಮಿಷದಲ್ಲಿ ನಮ್ಮ ಮಕ್ಕಳು ತುಂಬಿದ ಸಭೆಯ ಮುಂದೆ ಕನ್ನಡದಲ್ಲಿ ಹಾಡಲಿ.