ಅರ್ಚನೆಗೆ ಮಾತ್ರ ಬೇಕಾದ ನಕ್ಷತ್ರ

ಚೆನ್ನೈಯ ನಮ್ಮ ಕನ್ನಡಿಗರಿಗೆ ಕೋಪ ಬಂದರೂ ಚಿಂತೆಯಿಲ್ಲ, ಹೇಳಿಬಿಡುತ್ತೇನೆ. ದೇವಸ್ಥಾನದಲ್ಲಿ ಅರ್ಚಕರು ಕೇಳಿದ ಕೂಡಲೇ ಮಕ್ಕಳ ಗೋತ್ರ, ನಕ್ಷತ್ರ ಪಟಪಟನೆ ಒಪ್ಪಿಸುತ್ತೇವೆ. ಆ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ಅಂತ ಒಬ್ಬರಾದರೂ ತೋರಿಸಲಿ ನೋಡೋಣ!

ನನಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಫೆಬ್ರವರಿಯ ಒಂದು ಶನಿವಾರ, ಮಗಳನ್ನು ಕರೆದುಕೊಂಡು ಕಾವಲೂರಿಗೆ ಹೊರಟಾಗ ಊರಿನ ಕಡೆಯವರೊಬ್ಬರು ನಕ್ಕರು: "ಏಲಗಿರಿಗೆ ಹೋಗೂದ್ ಬಿಟ್ಟು ಆ ಕಾಡಿಗೆ ಯಾಕೆ ಮಾರಾಯ್ರೆ? ಅಲ್ಲೇನಿದೆ?"

ಏನಿದೆಯೇ? ಜವಾದಿ ಬೆಟ್ಟದ ಆ ವೇಣು ಬಪ್ಪು ವೀಕ್ಷಣಾಲಯದಲ್ಲಿ 2.34 ಮೀಟರ್ ಕನ್ನಡಿಯ ದೂರದರ್ಶಕವಿದೆ. 1986ರಲ್ಲಿ ಉದ್ಘಾಟನೆಯಾದದ್ದು. ನಡೆಸುವುದು ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. 1977ರಲ್ಲಿ ಯುರೇನಸ್ಸಿನ ಉಂಗುರಗಳ ಸುಳಿವು ಹಿಡಿದ ದೂರದರ್ಶಕಗಳಲ್ಲಿ ಇಲ್ಲಿಯ 1 ಮೀಟರಿನದೂ ಒಂದು.

ದೊಡ್ಡವು ವಿಜ್ಞಾನಿಗಳಿಗೆ. ಕತ್ತಲಾದ ಮೇಲೆ ನಮ್ಮಂಥವರಿಗೆ ಆಕಾಶ ತೋರಿಸಿದ್ದು ಸಣ್ಣದರಲ್ಲಿ. ಅದೇ ಸಾಕಾಯಿತು. ಬರಿಗಣ್ಣಿಗೆ ಆರೇಳು ಚುಕ್ಕಿಯಾಗಿದ್ದ ಕೃತ್ತಿಕೆ ಅದರೊಳಗೆ ಹತ್ತಾರಾಯಿತು. ಪಕ್ಕದಲ್ಲಿ ಕೆಂಪಗೆ ಹೊಳೆಯುತ್ತಿದ್ದುದನ್ನು ತೋರಿಸಿ ಅಲ್ಲಿಯವರು ತಮಿಳಿನಲ್ಲಿ ಏನೋ ವಿವರಿಸಿದರು. ಹೆಸರು ಮಾತ್ರ ನಮ್ಮದೇ, ರೋಹಿಣಿ. "ಅಪ್ಪಾ, ನನ್ನ ನಕ್ಷತ್ರ!" ಎಂದು ಮಗಳು ಕೂಗಿದಳು. ಅಲ್ಲಿಂದ ಬೆಳಕು ನಮಗೆ ಮುಟ್ಟಲು ಸುಮಾರು 65 ವರ್ಷ ಬೇಕಂತೆ. ನನ್ನ ಅಪ್ಪ ಕುಂದಾಪುರ ಬಿಟ್ಟು ಹೋಟೆಲ್ ಕೆಲಸಕ್ಕೆ ಮದರಾಸಿಗೆ ಬಂದ ಕಾಲಕ್ಕೆ ಹೊರಟ ಬೆಳಕು ಅದು!

ನಾಚಿಕೆಯಾದದ್ದು ಮರುದಿನ. ಮನೆಯ ತಾರಸಿ ಹತ್ತಿ ನೋಡಿದರೆ ರೋಹಿಣಿ ಅಲ್ಲೇ ಇದ್ದಾಳೆ. "ಪೇಟೆಯ ದೀಪದಲ್ಲಿ ಏನೂ ಕಾಣೋದಿಲ್ಲ" ಎಂಬ ಮಾತು ಮಸುಕಾದ ಕೃತ್ತಿಕೆಗೆ ಒಪ್ಪಬಹುದು, ರೋಹಿಣಿಗೆ ಅದು ಬರೀ ನೆಪ. ಇಷ್ಟು ವರ್ಷ ನಾವು ತಲೆ ಎತ್ತಿರಲಿಲ್ಲ, ಅಷ್ಟೇ.

"ಪರಊರಲ್ಲಿ ಕನ್ನಡ ಉಳಿಸೋದೇ ಕಷ್ಟ, ಇನ್ನು ನಕ್ಷತ್ರ ಯಾಕೆ?" ಅನ್ನುತ್ತೀರಿ. ಸ್ವಾಮಿ, ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಮಳೆಗೆ ಹೆಸರಿಟ್ಟವರು ನಮ್ಮ ಹಿರಿಯರೇ. ಕಣ್ಣಿಗೆ ಕಾಣದ್ದರ ಹೆಸರು ಮಕ್ಕಳ ಬಾಯಲ್ಲಿ ಎಷ್ಟು ದಿನ ನಿಂತೀತು? ರಾಜ್ಯೋತ್ಸವಕ್ಕೆ ಝಗಮಗ ದೀಪ ಹಾಕಿ "ಕನ್ನಡ ಉಳಿಸಿ" ಎಂದು ಭಾಷಣ ಬಿಗಿದರೆ ಸಾಲದು.

ಸಂಘದ ಪ್ರವಾಸದ ಬಸ್ಸನ್ನು ವರ್ಷಕ್ಕೊಮ್ಮೆ ಕಾವಲೂರಿಗೆ ತಿರುಗಿಸಿ. ಅದೂ ಆಗದಿದ್ದರೆ ಮಾಘದ ಒಂದು ಸಂಜೆ ಮಕ್ಕಳ ಕೈಹಿಡಿದು ತಾರಸಿ ಹತ್ತಿ. ಅರ್ಚನೆ ಆಮೇಲೆ ಮಾಡಿಸಿದರಾಯಿತು.